ಕ್ಷಯವೂ ದಾಸೋಹವೂ

ಕ್ಷಯ ಎಂಬ ಶಬ್ದಕ್ಕೆ ಸವೆಯುವುದು, ಕುಂದುವುದು ಎಂದು ಅರ್ಥ. ಉಂಡದ್ದು ಮೈಗೆ ಹತ್ತದೆ ದಿನದಿಂದ ದಿನಕ್ಕೆ ದೇಹ ಕರಗುವುದನ್ನು ಕಂಡ ಪ್ರಾಚೀನರು ಈ ರೋಗಕ್ಕೆ ಆ ಹೆಸರನ್ನಿಟ್ಟರು. ಆಯುರ್ವೇದದಲ್ಲಿ ಇದಕ್ಕೆ ರಾಜಯಕ್ಷ್ಮವೆಂಬ ಹೆಸರೂ ಉಂಟು. ದಕ್ಷನ ಕೋಪಕ್ಕೆ ಗುರಿಯಾದ ಚಂದ್ರನಿಗೆ ಈ ರೋಗ ತಗುಲಿತೆಂದು ಚರಕಸಂಹಿತೆ ಹೇಳುತ್ತದೆ. ಪುರಾಣದ ಕಥೆಗಳನ್ನು ಶರಣರು ಪ್ರಮಾಣವಾಗಿ ಹಿಡಿದವರಲ್ಲ, ನಾವೂ ಹಿಡಿಯುವುದಿಲ್ಲ. ಆದರೂ ಪುರಾಣಗಳು ಆ ಕಥೆಯನ್ನು ಮುಂದುವರಿಸಿದ ಬಗೆ ಗಮನಿಸತಕ್ಕದ್ದು. ಕ್ಷಯಪೀಡಿತನಾದ ಚಂದ್ರನನ್ನು ಶಿವನು ದೂರವಿಡಲಿಲ್ಲ. ತಲೆಯ ಮೇಲೆ ಧರಿಸಿದನು.

ಇದನ್ನು ಈಗ ನೆನೆಯುವುದಕ್ಕೆ ಕಾರಣವುಂಟು. ನಾಗರಬಾವಿಯ ಬಡಾವಣೆಯೊಂದರಲ್ಲಿ ಕಲಬುರಗಿಯ ಕಡೆಯಿಂದ ಓದಲು ಬಂದ ವಿದ್ಯಾರ್ಥಿಯೊಬ್ಬನು ಬಾಡಿಗೆಯ ಕೋಣೆಯಲ್ಲಿದ್ದನು. ತಿಂಗಳುಗಟ್ಟಲೆ ಕೆಮ್ಮು, ಔಷಧದ ಅಂಗಡಿಯಲ್ಲಿ ಕೊಂಡ ಕೆಮ್ಮಿನ ಸಿರಪ್ಪೇ ಚಿಕಿತ್ಸೆ. ಕೊನೆಗೆ ಕಫ ಪರೀಕ್ಷೆಯಾಗಿ ಕ್ಷಯವೆಂದು ತಿಳಿಯಿತು. ಮನೆಯ ಯಜಮಾನರು ನಮ್ಮವರೇ, ತ್ರಿಕಾಲ ಲಿಂಗಪೂಜೆ ತಪ್ಪಿಸದವರು. ಹುಡುಗ ಉಣ್ಣುತ್ತಿದ್ದ ತಟ್ಟೆಯನ್ನು ಮೊದಲು ಬೇರೆ ಮಾಡಿದರು; ವಾರದೊಳಗೆ ಕೋಣೆಯನ್ನೇ ಬಿಡಿಸಿದರು. ಅವನ ಆ ವರ್ಷದ ಓದು ಅರ್ಧಕ್ಕೆ ನಿಂತಿತು. ಯಜಮಾನರು ದುಷ್ಟರೇನಲ್ಲ. ಅಂಜಿದವರು. ಆ ಅಂಜಿಕೆಯಲ್ಲಿ ಎಷ್ಟು ಹುರುಳಿದೆಯೆಂಬುದನ್ನು ನೋಡಬೇಕು.

1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ರಾಬರ್ಟ್ ಕಾಖ್ ಎಂಬ ವೈದ್ಯನು ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದುದಾಗಿ ಸಾರಿದನು. ಇದು ವಂಶದಿಂದ ಬರುವ ರೋಗವೆಂಬ ನಂಬಿಕೆ ಅಂದಿಗೇ ಬಿದ್ದುಹೋಗಬೇಕಿತ್ತು. ರೋಗಿಯು ಕೆಮ್ಮಿದಾಗ ಗಾಳಿಗೆ ಸೇರುವ ಸೂಕ್ಷ್ಮ ಕಣಗಳಿಂದ ಇದು ಹರಡುತ್ತದೆ. ತಟ್ಟೆ, ಲೋಟ, ಹಾಸಿಗೆ, ಸ್ಪರ್ಶ ಇವುಗಳಿಂದ ಹರಡುವುದಿಲ್ಲ. ಗಾಳಿ ಬೆಳಕಿಲ್ಲದ ಕೋಣೆಯನ್ನು ಬಾಡಿಗೆಗೆ ಕೊಟ್ಟು ತಟ್ಟೆಯನ್ನು ಮಾತ್ರ ಬೇರಿಡುವುದು ಎಂಥ ವಿವೇಕವೋ! ತಕ್ಕ ಔಷಧ ಆರಂಭವಾದ ಕೆಲವೇ ವಾರಗಳಲ್ಲಿ ಬಹುತೇಕ ರೋಗಿಗಳಿಂದ ಸೋಂಕು ಹರಡುವುದು ನಿಲ್ಲುತ್ತದೆ. ಹೀಗಾಗಿ, ಕೋಣೆ ಬಿಡಿಸಿದಾಗ ಆ ಹುಡುಗನಿಂದ ಇದ್ದ ಅಪಾಯವು ಅವನು ಸಿರಪ್ಪು ಕುಡಿಯುತ್ತ ಎಲ್ಲರ ನಡುವೆ ಓಡಾಡಿಕೊಂಡಿದ್ದಾಗ ಇದ್ದುದಕ್ಕಿಂತ ಕಡಿಮೆಯಾಗತೊಡಗಿತ್ತು.

ಸಿರಪ್ಪಿನ ಈ ಕಥೆ ಹೊಸದಲ್ಲ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿರುವ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯನ್ನು 1960ರಲ್ಲಿ ಜವಾಹರಲಾಲ್ ನೆಹರು ಉದ್ಘಾಟಿಸಿದರು. ಅಲ್ಲಿ ಕೆಲಸಮಾಡುತ್ತಿದ್ದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ವಿದ್ವಾಂಸರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿಯೂ ಪಟ್ಟಣದಲ್ಲಿಯೂ ಕ್ಷಯರೋಗಿಗಳನ್ನು ಕಂಡು ಮಾತನಾಡಿಸಿ, 1963ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಹಳ್ಳಿಯ ಜನ ಮೂಢರು, ರೋಗ ಬಂದರೂ ಅರಿಯರು ಎಂಬುದು ಅಂದಿನ ಪಂಡಿತರ ಭಾವನೆ. ಅಧ್ಯಯನ ತಿಳಿಸಿದ್ದು ಬೇರೆ. ಕಫದಲ್ಲಿ ರೋಗಾಣು ಕಂಡುಬಂದವರಲ್ಲಿ ನೂರಕ್ಕೆ ಸುಮಾರು 95 ಮಂದಿ ತಮಗೇನೋ ಆಗಿದೆಯೆಂದು ಅರಿತಿದ್ದರು. ಅರ್ಧದಷ್ಟು ಜನ ಆಸ್ಪತ್ರೆಯ ಬಾಗಿಲನ್ನೂ ತಟ್ಟಿದ್ದರು. ಅವರಲ್ಲಿ ಅನೇಕರ ಕೈಗೆ ದೊರೆತದ್ದು ಕೆಮ್ಮಿನ ಔಷಧದ ಬಾಟಲಿ. ಅರವತ್ತು ವರ್ಷಗಳ ಮೇಲೆ ನಾಗರಬಾವಿಯಲ್ಲಿಯೂ ಅದೇ ಬಾಟಲಿ.

ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕೆಂಬುದು ಇಂದಿನ ನಿಯಮ. ಅದಕ್ಕೆ ದೂರ ಹೋಗಬೇಕಿಲ್ಲ. ನಮ್ಮ ನೆರೆಯ ರಾಜಾಜಿನಗರದ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟ್ರೂನಾಟ್ ಎಂಬ ಪುಟ್ಟ ಯಂತ್ರ ಬ್ಯಾಟರಿಯಿಂದ ನಡೆಯುತ್ತದೆ, ಸುಮಾರು ಒಂದು ಗಂಟೆಯಲ್ಲಿ ರೋಗಾಣುವಿನ ಇರವನ್ನು ತಿಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಇದನ್ನು ಅಂಗೀಕರಿಸಿತು.

ಇನ್ನು ಅನ್ನದ ವಿಚಾರ. ಹಿಂದೆ ಕ್ಷಯವೆಂದರೆ ಸ್ಯಾನಿಟೋರಿಯಂ; ತಿಂಗಳುಗಟ್ಟಲೆ ವಿಶ್ರಾಂತಿ, ಹಾಲು, ಮೊಟ್ಟೆ, ಶುದ್ಧ ಹವೆ. ಬಡವನಿಗೆ ಇದು ಎಟುಕದ ಮಾತು. 1956ರಲ್ಲಿ ಮದರಾಸಿನಲ್ಲಿ ಸ್ಥಾಪಿತವಾದ ಕ್ಷಯ ಚಿಕಿತ್ಸಾ ಕೇಂದ್ರವು 193 ರೋಗಿಗಳನ್ನು ಎರಡು ಪಂಗಡ ಮಾಡಿ, ಕೆಲವರಿಗೆ ಸ್ಯಾನಿಟೋರಿಯಂನಲ್ಲಿಯೂ ಕೆಲವರಿಗೆ ಅವರ ಇಕ್ಕಟ್ಟಿನ ಮನೆಗಳಲ್ಲಿಯೇ ಒಂದು ವರ್ಷ ಔಷಧ ಕೊಟ್ಟಿತು. ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣಹೊಂದಿದರು. ಅವರ ಮನೆಯವರಿಗೆ ರೋಗ ಹೆಚ್ಚಾಗಿ ಅಂಟಲೂ ಇಲ್ಲ. 1959ರಲ್ಲಿ ಹೊರಬಂದ ಈ ಫಲಿತಾಂಶ ಜಗತ್ತಿನ ಚಿಕಿತ್ಸಾ ಕ್ರಮವನ್ನೇ ಬದಲಿಸಿತು. ರೋಗಿಯನ್ನು ಮನೆಯಿಂದ ಹೊರಡಿಸಬೇಕಿಲ್ಲವೆಂಬುದು ಅಂದಿನಿಂದ ಸಿದ್ಧವಾದ ಸಂಗತಿ. ಆದರೆ ಇದರಿಂದ ಒಂದು ತಪ್ಪು ತಿಳಿವಳಿಕೆಯೂ ಬೆಳೆಯಿತು. ಗುಳಿಗೆಯೊಂದಿದ್ದರೆ ಸಾಕು, ಊಟದ ಚಿಂತೆ ಬೇಡವೆಂದು ಬಹುಕಾಲ ಭಾವಿಸಲಾಯಿತು.

ರೋಗಾಣು ದೇಹವನ್ನು ಹೊಕ್ಕ ಮಾತ್ರಕ್ಕೆ ರೋಗ ಬರುವುದಿಲ್ಲ. ಬಹುಪಾಲು ಜನರಲ್ಲಿ ಅದು ಜೀವಮಾನವಿಡೀ ಮಲಗಿಯೇ ಇರುತ್ತದೆ. ಹತ್ತರಲ್ಲಿ ಒಬ್ಬರಿಗೆ ಕಾಯಿಲೆಯಾದರೆ ಹೆಚ್ಚು. ಅದನ್ನು ಎಬ್ಬಿಸುವ ಕಾರಣಗಳಲ್ಲಿ ಅರೆಹೊಟ್ಟೆ ಮುಖ್ಯವಾದುದು. ಉಂಡು ಉಟ್ಟವರು ಬೀಗಬೇಕಾಗಿಲ್ಲ, ಸಕ್ಕರೆ ಕಾಯಿಲೆಯೂ ಅದನ್ನು ಎಬ್ಬಿಸುತ್ತದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ವೈದ್ಯ ದಂಪತಿಗಳಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ ಅವರು ಸಂಗಡಿಗರೊಡನೆ ಝಾರ್ಖಂಡದ ನಾಲ್ಕು ಜಿಲ್ಲೆಗಳಲ್ಲಿ ಈ ಹಸಿವಿನ ಪ್ರಶ್ನೆಯನ್ನೇ ಹಿಡಿದು ನಡೆಸಿದ ಪ್ರಯೋಗ 2023ರಲ್ಲಿ ಪ್ರಕಟವಾಯಿತು. 2,800 ರೋಗಿಗಳು, ಅವರ ಮನೆಗಳ 10,345 ಮಂದಿ. ರೋಗಿಗಳೆಲ್ಲರಿಗೂ ಔಷಧದೊಡನೆ ಆಹಾರ ಕೊಟ್ಟರು. ಕೆಲವು ಪ್ರದೇಶಗಳಲ್ಲಿ ಮನೆಯ ಪ್ರತಿಯೊಬ್ಬರಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೀವಸತ್ವದ ಗುಳಿಗೆ ಕೊಟ್ಟರು. ಹೀಗೆ ಪಡೆದ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ತಗ್ಗಿತು. ಹರಡುವ ಬಗೆಯ ಶ್ವಾಸಕೋಶದ ಕ್ಷಯವು 48ರಷ್ಟು ತಗ್ಗಿತು. ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳೊಳಗೆ ತೂಕ ನೂರಕ್ಕೆ 5ರಷ್ಟು ಏರಿದವರಲ್ಲಿ ಸಾವಿನ ಭಯ ಅರ್ಧಕ್ಕಿಂತಲೂ ಕಡಿಮೆಯಾಯಿತು. ಅಕ್ಕಿ, ಬೇಳೆ! ಮಠದ ಅಡಿಗೆಮನೆಯಲ್ಲಿ ಬೆಳೆದ ನಮಗೆ ಇದನ್ನು ಓದಿ ಆದ ಸಂತೋಷ ಅಷ್ಟಿಷ್ಟಲ್ಲ. ಅನ್ನವು ಔಷಧಕ್ಕೆ ಬದಲಲ್ಲವೆಂಬುದನ್ನೂ ಹೇಳಿಬಿಡಬೇಕು. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಗುಳಿಗೆ ತಪ್ಪದೆ ನುಂಗಲೇಬೇಕು. ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಮಣಿಯದಷ್ಟು ಬಲಿಯುತ್ತದೆ.

ಸರ್ಕಾರವು ರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ಕೊಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರ್‌ನಿಂದ 1,000ಕ್ಕೆ ಏರಿಸಿತು. 2022ರಲ್ಲಿ ಆರಂಭವಾದ ನಿಕ್ಷಯ ಮಿತ್ರ ಯೋಜನೆಯಲ್ಲಿ ವ್ಯಕ್ತಿಗಳಾಗಲಿ, ಸಂಘ ಸಂಸ್ಥೆಗಳಾಗಲಿ ರೋಗಿಯ ಆಹಾರದ ಹೊಣೆ ಹೊರಬಹುದು; 2024ರಲ್ಲಿ ಅದು ರೋಗಿಯ ಮನೆಯವರಿಗೂ ವಿಸ್ತರಿಸಿತು. ಬಸವ ಜಯಂತಿಯ ಮೆರವಣಿಗೆಗೆ, ಶಾಮಿಯಾನಕ್ಕೆ ನಮ್ಮ ಬಡಾವಣೆಗಳ ಸಂಘಗಳು ಮಾಡುವ ವೆಚ್ಚದ ಒಂದಂಶ ಸಾಕು, ನಾಲ್ಕಾರು ಮನೆಗಳ ಒಲೆ ಆರು ತಿಂಗಳು ಉರಿಯುತ್ತದೆ.

ಈ ಕಾರ್ಯಕ್ಕೆ ರೋಗಿಯ ಒಪ್ಪಿಗೆ ಬೇಕು. ಕೆಲವೆಡೆ ಆಹಾರದ ಚೀಲ ಕೊಡುವಾಗ ರೋಗಿಯನ್ನು ವೇದಿಕೆಗೆ ಕರೆದು ಫೋಟೋ ತೆಗೆಸುವ ಪದ್ಧತಿಯನ್ನು ಕಂಡಿದ್ದೇವೆ. ಮದುವೆಯ ವಯಸ್ಸಿನ ಮಗಳಿರುವ ಯಾವ ಮನೆ ಆ ವೇದಿಕೆ ಹತ್ತೀತು? ಕೊಡುವವನು ನಾನು ಎಂಬ ಭಾವವಿದ್ದಲ್ಲಿ ಅದು ದಾಸೋಹವಾಗದೆಂದು ನಮಗೆ ಮಠದಲ್ಲಿ ಕಲಿಸಿದ್ದರು. ಸಮೀಪದ ಆರೋಗ್ಯ ಕೇಂದ್ರದ ಸಿಬ್ಬಂದಿಯ ಮೂಲಕ ಅಕ್ಕಿಬೇಳೆ ಮನೆ ಸೇರಿದರೆ ಆಯಿತು. ಕೊಟ್ಟವರ ಹೆಸರೂ ಬೇಡ, ಪಡೆದವರ ಹೆಸರೂ ಬೇಡ.