ಇಪ್ಪತ್ತನೇ ದಿನ ಐಸಿಯು ಬಾಗಿಲಲ್ಲಿ ಯಾರಿದ್ದಾರೆ?

ನಮ್ಮಲ್ಲಿ ಒಬ್ಬರು ಐಸಿಯು ಸೇರಿದರೆಂದರೆ ಮೊದಲ ಮೂರು ದಿನ ಆಸ್ಪತ್ರೆಯ ವರಾಂಡದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಂಟ್ವಾಳ, ಪುತ್ತೂರು, ಸುಳ್ಯದಿಂದ ಕಾರು ಮಾಡಿಕೊಂಡು ಬಂಧುಗಳು ಬರುತ್ತಾರೆ. ಗಲ್ಫ್‌ನಿಂದ ಗಂಟೆಗೊಂದು ಫೋನ್. "ಒಂದೇ ನಿಮಿಷ, ನೋಡಿ ಬರ್ತೇವೆ" ಎಂದು ಸೆಕ್ಯುರಿಟಿಯವರ ಜೊತೆ ವಾದ. ಇಪ್ಪತ್ತನೇ ದಿನ ಅದೇ ಬೆಂಚಿನಲ್ಲಿ ಒಬ್ಬಳೇ ಮಗಳೋ, ವಯಸ್ಸಾದ ಉಮ್ಮನೋ ಕೂತಿರುತ್ತಾರೆ. ಕೈಯಲ್ಲಿ ಔಷಧದ ಚೀಟಿ, ಪಕ್ಕದಲ್ಲಿ ಬಟ್ಟೆಯ ಚೀಲ.

ರೋಗಿಯನ್ನು ನೋಡಲು ಹೋಗುವುದು ಸುನ್ನತ್. ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಭೇಟಿ ರೋಗಿಗೆ ಬೇಕಾದ ದಿನ ನಡೆಯುತ್ತಿದೆಯೇ, ನಮಗೆ ಅನುಕೂಲವಾದ ದಿನ ನಡೆಯುತ್ತಿದೆಯೇ ಎಂದು ನಾವೇ ಕೇಳಿಕೊಳ್ಳಬೇಕು.

ವಾರಗಟ್ಟಲೆ ಐಸಿಯುನಲ್ಲಿ ಮಲಗಿದವರ ಕಷ್ಟವೇ ಬೇರೆ. ಮೊದಲ ವಾರದಲ್ಲೇ ಸ್ನಾಯುಗಳು ಕರಗಲು ಶುರುವಾಗುತ್ತವೆ. ಬೆನ್ನು ಹುಣ್ಣಾಗದಂತೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬಾಯಿ ಸ್ವಚ್ಛ ಮಾಡಬೇಕು, ಕಫ ತೆಗೆಯಬೇಕು. ಒಂದೆರಡು ವಾರವಾದರೂ ವೆಂಟಿಲೇಟರ್ ಬಿಡಿಸಲಾಗದಿದ್ದರೆ ಅನೇಕರಿಗೆ ಕುತ್ತಿಗೆಯಲ್ಲಿ ರಂಧ್ರ ಮಾಡಿ ನಳಿಗೆ ಹಾಕುತ್ತಾರೆ. ಹಗಲು ರಾತ್ರಿ ಉರಿಯುವ ಲೈಟು, ಯಂತ್ರಗಳ ಸದ್ದಿನ ನಡುವೆ ಎಷ್ಟೋ ಮಂದಿಗೆ ದಿನ, ಜಾಗ, ಜನ ಯಾವುದೂ ತಿಳಿಯದಂತಾಗುತ್ತದೆ. ಅದನ್ನು ಕಂಡು "ತಲೆ ಕೆಟ್ಟಿದೆ" ಎಂದು ಮನೆಯವರು ಅಳುವುದುಂಟು.

ನರ್ಸ್‌ಗಳು ತಮ್ಮ ಕೆಲಸ ಮಾಡುತ್ತಾರೆ. ಪರಿಚಿತ ದನಿಯನ್ನು ಮಾತ್ರ ಅವರು ಕೊಡಲಾರರು. ಕೈ ತೊಳೆದು ಒಳಗೆ ಹೋಗಿ, ಕೈ ಹಿಡಿದು, "ಉಪ್ಪಾ, ಇವತ್ತು ಶುಕ್ರವಾರ, ನೀವು ಆಸ್ಪತ್ರೆಯಲ್ಲಿದ್ದೀರಿ, ನಾನು ಬಂದಿದ್ದೇನೆ" ಎಂದು ನಿಧಾನವಾಗಿ ಹೇಳಿ. ಉತ್ತರ ಬಾರದಿದ್ದರೂ ಹೇಳಿ. ಅವರ ಕನ್ನಡಕ, ಕಿವಿಯ ಯಂತ್ರ ಇದ್ದರೆ ನರ್ಸ್‌ಗೆ ಕೊಡಿ. ಬೆಡ್ಡಿನ ಸುತ್ತ ಹತ್ತು ಜನ ನಿಂತು ಅಳುವುದಕ್ಕಿಂತ ಇದು ಹೆಚ್ಚು ಉಪಕಾರಿ. ಜ್ವರ, ಕೆಮ್ಮು ಇದ್ದವರು ಹೋಗದಿರುವುದೇ ದೊಡ್ಡ ಸಹಾಯ.

ಡಾಕ್ಟರ ಹತ್ತಿರ ಮಾತನಾಡಲು ಮನೆಯಿಂದ ಒಬ್ಬರನ್ನು ನೇಮಿಸಿ. ಹತ್ತು ಜನ ಕೇಳಿದರೆ ವಾಟ್ಸ್ಆ್ಯಪ್‌ನಲ್ಲಿ ಹತ್ತು ಕಥೆ ಹುಟ್ಟುತ್ತದೆ. "ಚೇತರಿಸಿಕೊಳ್ಳುವ ಸಾಧ್ಯತೆ ಎಷ್ಟು? ಯಾವ ಸ್ಥಿತಿಯಲ್ಲಿ ಮನೆಗೆ ಬರಬಹುದು? ಇವತ್ತಿನವರೆಗೆ ಬಿಲ್ಲು ಎಷ್ಟು?" ಎಂದು ನೇರವಾಗಿ ಕೇಳಲು ಹಿಂಜರಿಕೆ ಬೇಡ. ಚಿಕಿತ್ಸೆ ಮುಂದುವರಿಸಬೇಕೇ ಎಂಬ ಕಠಿಣ ಪ್ರಶ್ನೆ ಬಂದಾಗ ಅದನ್ನು ಬೆಂಚಿನಲ್ಲಿ ಕೂತ ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟುವುದು ಅನ್ಯಾಯ. ಮನೆಯವರೆಲ್ಲ ಕೂತು, ಡಾಕ್ಟರನ್ನೂ ತಿಳಿದ ಉಸ್ತಾದರನ್ನೂ ಕೇಳಿ ತೀರ್ಮಾನಿಸಬೇಕು. ದೂರದಿಂದ ಫೋನಿನಲ್ಲಿ "ಏನೂ ನಿಲ್ಲಿಸಬೇಡಿ" ಎನ್ನುವವರು ಒಂದು ರಾತ್ರಿಯಾದರೂ ಆ ಬೆಂಚಿನಲ್ಲಿ ಕೂತು ನೋಡಲಿ.

ನಮ್ಮ ಜಮಾಅತ್‌ಗಳು ಬಿಲ್ಲಿಗೆ ಹಣ ಕೂಡಿಸುವುದರಲ್ಲಿ ಹಿಂದೆ ಬಿದ್ದಿಲ್ಲ. ಇನ್ನೊಂದು ಹೆಜ್ಜೆ ಇಡಬೇಕಾಗಿದೆ. ಮೊಹಲ್ಲಾದ ಯಾರಾದರೂ ಹತ್ತು ದಿನಕ್ಕಿಂತ ಹೆಚ್ಚು ಐಸಿಯುನಲ್ಲಿದ್ದರೆ ಸರದಿ ಪಟ್ಟಿ ಮಾಡಲಿ. ಒಬ್ಬರು ರಾತ್ರಿ ಕಾವಲಿಗೆ, ಒಂದು ಮನೆಯಿಂದ ಊಟ, ಮತ್ತೊಂದು ಮನೆಯವರು ಮಕ್ಕಳನ್ನು ಶಾಲೆಗೂ ಮದರಸಕ್ಕೂ ಬಿಡಲಿ. ಕಾಯುವ ಹೆಂಗಸರಿಗೆ ಸ್ನಾನ ಮಾಡಿ ಎರಡು ಗಂಟೆ ಮಲಗಲು ಆಸ್ಪತ್ರೆ ಹತ್ತಿರ ಯಾರಾದರೂ ಮನೆಯ ಬಾಗಿಲು ತೆರೆಯಲಿ.

ರೋಗಿ ಮನೆಗೆ ಬಂದ ಮೇಲೂ ಪಟ್ಟಿ ಹರಿಯಬೇಡಿ. ನಳಿಗೆಯಲ್ಲಿ ಆಹಾರ ಕೊಡುವುದು, ಮಗ್ಗುಲು ಬದಲಿಸುವುದು, ನಡೆಯಲು ಕಲಿಸುವುದು ತಿಂಗಳುಗಟ್ಟಲೆಯ ಕೆಲಸ. ಡಿಸ್ಚಾರ್ಜಿಗೆ ಮೊದಲೇ ಮನೆಯ ಇಬ್ಬರಾದರೂ ಅದನ್ನು ನರ್ಸ್‌ಗಳಿಂದ ಕಲಿತಿರಬೇಕು.

ಈ ವಾರ ನಿಮ್ಮ ಊರಿನ ಯಾರು ಐಸಿಯುನಲ್ಲಿದ್ದಾರೆ, ಎಷ್ಟು ದಿನವಾಯಿತು ಎಂದು ಒಮ್ಮೆ ವಿಚಾರಿಸಿ. ಇಪ್ಪತ್ತು ದಿನವಾಗಿದ್ದರೆ ಇವತ್ತೇ ಹೋಗಿ. ಬೆಂಚಿನಲ್ಲಿ ಕೂತವರಿಗೆ "ನೀವು ಮನೆಗೆ ಹೋಗಿ ಮಲಗಿ, ಬೆಳಿಗ್ಗೆವರೆಗೆ ನಾವಿರ್ತೇವೆ" ಎನ್ನಿ.