ದೊಡ್ಡಮ್ಮನ ಬೀಡಿ ಪುಸ್ತಕ

ನನ್ನ ದೊಡ್ಡಮ್ಮ ನಲವತ್ತು ವರ್ಷ ಬೀಡಿ ಕಟ್ಟಿದವರು. ಮಡಿಲಲ್ಲಿ ತಡ್ಪೆ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪು, ನೂಲು. ಬೆರಳುಗಳಿಗೆ ಆ ಕೆಲಸ ಎಷ್ಟು ಪಳಗಿತ್ತೆಂದರೆ ಕಣ್ಣು ಬೇಕಾಗುತ್ತಲೇ ಇರಲಿಲ್ಲ. ಅದಕ್ಕೇ ಅವರ ಕಣ್ಣು ಮಂಜಾದದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಒಂದು ಸಂಜೆ ಬೀಡಿ ಬ್ರಾಂಚಿನ ಲೆಕ್ಕದ ಪುಸ್ತಕವನ್ನು ನನ್ನ ಕೈಗೆ ಕೊಟ್ಟು, “ಎಷ್ಟು ಬರ್ದಿದ್ದಾರೆ ನೋಡು ಮಗಾ, ನಡುವಿನ ಅಕ್ಷರವೇ ಕಾಣುದಿಲ್ಲ” ಎಂದರು. ಪೊರೆ ಇರಬೇಕು, ಮಳೆಗಾಲ ಕಳೆಯಲಿ ಎಂದೆವು. ಅದು ಪೊರೆಯಾಗಿರಲಿಲ್ಲ. ಹನ್ನೆರಡು ವರ್ಷದ ಶುಗರ್ ಅವರ ಅಕ್ಷಿಪಟವನ್ನು ಕೆಡಿಸಿತ್ತು. ಅಷ್ಟೂ ವರ್ಷ ತಪ್ಪದೆ ರಕ್ತ ಪರೀಕ್ಷೆ ಮಾಡಿಸಿದ ನಾವು ಒಮ್ಮೆಯೂ ಕಣ್ಣಿನ ಒಳಗೆ ನೋಡಿಸಿರಲಿಲ್ಲ. ಆ ತಪ್ಪು ನಮ್ಮದು.

ಕಣ್ಣಿನ ಹಿಂಬದಿಗೆ ಹಾಸಿದ ತೆಳು ಪದರ ಅಕ್ಷಿಪಟ. ಡಾಕ್ಟರರು ರೆಟಿನಾ ಎನ್ನುವುದು ಇದನ್ನೇ. ರಕ್ತದಲ್ಲಿ ಸಕ್ಕರೆ ಬಹಳ ಕಾಲ ಹೆಚ್ಚಿದ್ದರೆ ಇದರ ಸಣ್ಣ ಸಣ್ಣ ರಕ್ತನಾಳಗಳು ಸೋರುತ್ತವೆ, ಕೆಲವು ಮುಚ್ಚಿಹೋಗುತ್ತವೆ. ರಕ್ತ ಸಿಗದ ಜಾಗದಲ್ಲಿ ಹೊಸ ನಾಳಗಳು ಹುಟ್ಟುತ್ತವೆ, ಆದರೆ ಅವಕ್ಕೆ ಗಟ್ಟಿತನವಿಲ್ಲ. ಒಡೆದರೆ ಕಣ್ಣೊಳಗೆಲ್ಲ ರಕ್ತ. ಕೆಲವೊಮ್ಮೆ ಪದರವನ್ನೇ ಎಳೆದು ಕೀಳುತ್ತವೆ. ಇಷ್ಟೆಲ್ಲ ನಡೆಯುವಾಗ ನೋವಿಲ್ಲ, ಕಣ್ಣು ಕೆಂಪಾಗುವುದಿಲ್ಲ. ಕಣ್ಣು ಪರೀಕ್ಷೆಯ ಬೋರ್ಡಿನ ಕೊನೆಯ ಸಾಲನ್ನು ಸಲೀಸಾಗಿ ಓದುವವರ ಕಣ್ಣಲ್ಲೂ ಇದು ಬೆಳೆಯುತ್ತಿರಬಹುದು.

ಮದ್ದು ಉಂಟು. ಅಕ್ಷಿಪಟದ ನಡುಭಾಗ ಊದಿಕೊಂಡರೆ ಕಣ್ಣಿಗೇ ಇಂಜೆಕ್ಷನ್ ಕೊಡುತ್ತಾರೆ. ಕಣ್ಣಿಗೆ ಸೂಜಿಯೇ ಎಂದು ಹೆದರಿ ಓಡಿಹೋದವರನ್ನು ನಾನು ಬಲ್ಲೆ. ಮೊದಲು ಮರಗಟ್ಟಿಸುವ ಹನಿ ಹಾಕುತ್ತಾರೆ, ಚುಚ್ಚುವುದಕ್ಕೆ ಕೆಲವೇ ಸೆಕೆಂಡು ಸಾಕು. ಹೊಸ ನಾಳ ಹುಟ್ಟಿದ್ದರೆ ಲೇಸರ್, ರಕ್ತ ತುಂಬಿ ತಿಳಿಯಾಗದಿದ್ದರೆ ಆಪರೇಷನ್. ಆದರೆ ಇವೆಲ್ಲ ಮುಖ್ಯವಾಗಿ ಉಳಿದ ದೃಷ್ಟಿಯನ್ನು ಕಾಯುವ ಚಿಕಿತ್ಸೆಗಳು. ಹೋದದ್ದೆಲ್ಲ ಮರಳಿ ಬರುತ್ತದೆಂಬ ಭರವಸೆಯನ್ನು ಯಾವ ಡಾಕ್ಟರರೂ ಕೊಡಲಾರರು.

1848ರಲ್ಲೇ ಆಸ್ಪತ್ರೆ ಕಂಡ ಊರು ನಮ್ಮ ಮಂಗಳೂರು. ವೆನ್ಲಾಕ್ ಆಸ್ಪತ್ರೆ ಇಲ್ಲುಂಟು, ಅತ್ತಾವರ, ಕಂಕನಾಡಿ, ದೇರಳಕಟ್ಟೆಯಲ್ಲಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳುಂಟು. ಕಾಸರಗೋಡಿನಿಂದ ಜನ ಬಸ್ಸು ಹತ್ತಿ ಬರುತ್ತಾರೆ. ಇಂಥ ಊರಲ್ಲಿ ನಮ್ಮ ಹಿರಿಯರು ಸುಮ್ಮನೆ ಕುರುಡಾಗುತ್ತಿದ್ದರೆ ಅದು ನಮಗೆ ನಾಚಿಕೆ. 2023ರ ಐಸಿಎಂಆರ್ ಲೆಕ್ಕದಂತೆ ದೇಶದಲ್ಲಿ ಹತ್ತು ಕೋಟಿ ಜನರಿಗೆ ಶುಗರ್ ಉಂಟು. ಅವರಲ್ಲಿ ಒಬ್ಬರಾದರೂ ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದಾರೆ.

ಡಾಕ್ಟರರೇ, ಶುಗರಿನ ಮಾತ್ರೆ ಬರೆಯುವ ಚೀಟಿಯಲ್ಲಿ ‘ರೆಟಿನಾ ಪರೀಕ್ಷೆ’ ಎಂದು ಇನ್ನೊಂದು ಸಾಲು ಬರೆಯಿರಿ. ಯುವಕ ಮಂಡಲದವರೇ, ಶಿಬಿರದಲ್ಲಿ ಕನ್ನಡಕ ಹಂಚಿದ್ದು ಸಾಕಾಗುವುದಿಲ್ಲ. ಅಕ್ಷಿಪಟದ ಫೋಟೊ ತೆಗೆಯುವ ಕ್ಯಾಮೆರಾವನ್ನು ಬೀಡಿ ಬ್ರಾಂಚಿಗೆ, ಮೀನಿನ ಧಕ್ಕೆಗೆ ಕರೆಸಿ. ದುಬೈಯಿಂದ ತಪ್ಪದೆ ಹಣ ಕಳಿಸುವ ಮಕ್ಕಳೇ, ಅಮ್ಮನ ಕಣ್ಣಿನ ಒಳಗೆ ಕೊನೆಯ ಸಲ ನೋಡಿಸಿದ್ದು ಯಾವಾಗ ಎಂದು ಇವತ್ತಿನ ಫೋನಿನಲ್ಲೇ ಕೇಳಿ.

ದೊಡ್ಡವರಿಗೆ ಬರುವ ಶುಗರ್ ಆದರೆ ಗೊತ್ತಾದ ದಿನವೇ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ನೋಡಿಸಬೇಕು. ಪಾಪೆ ಅಗಲವಾಗುವ ಹನಿ ಹಾಕಿ ಅರ್ಧ ಗಂಟೆ ಕೂರಿಸುತ್ತಾರೆ. ಆಮೇಲೆ ಕೆಲವು ತಾಸು ಎಲ್ಲ ಮಂಜು ಮಂಜು, ಬಿಸಿಲು ಚುಚ್ಚುತ್ತದೆ, ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸಿನ ಬೋರ್ಡು ಓದಲಾಗುವುದಿಲ್ಲ. ದೊಡ್ಡಮ್ಮ ಅಷ್ಟು ವರ್ಷ ಹೋಗದೇ ಇದ್ದದ್ದು ಹಣವಿಲ್ಲದೆ ಅಲ್ಲ, ಜೊತೆಗೆ ಬರುವವರು ಇಲ್ಲದೆ. ಈ ವಾರ ಒಂದು ದಿನ ರಜೆ ಹಾಕಿ. ನಿಮ್ಮ ಮನೆಯವರ ಜೊತೆ ನೀವು ಹೋಗಿ.