ಮನೆವಾರ್ತೆ: ಕಾರ್ಯಕ್ರಮಗಳ ಪಟ್ಟಿಯು ಕಾಣದಾದಾಗ

ಅಂತರ್ಜಾಲದ ಮೂಲಕ ಬರುವ ಟಿ.ವಿ.ಯು ಈಗ ನಮ್ಮ ಬ್ರಹ್ಮಾವರದ ಸೀಮೆಯಲ್ಲಿ ಅಪೂರ್ವವಾದ ವಸ್ತುವಲ್ಲ. ಒಂದೇ ತಂತಿಯಲ್ಲಿ ಫೋನು, ವೈಫೈ, ವಾಹಿನಿಗಳು ಎಲ್ಲವೂ ಮನೆಯೊಳಗೆ ಬರುವುವು. ಆದರೆ ಈ ಸೌಕರ್ಯದ ಬೆನ್ನಿಗೆ ಹೊಸತೊಂದು ತೊಡಕೂ ಬಂದಿರುವುದು. ಚಿತ್ರವು ಸರಿಯಾಗಿ ಕಾಣುವುದು, ಧ್ವನಿಯೂ ಕೇಳುವುದು. ಯಾವ ವಾಹಿನಿಯಲ್ಲಿ ಯಾವ ಹೊತ್ತಿಗೆ ಏನು ಎಂದು ತಿಳಿಸತಕ್ಕ ಪಟ್ಟಿ ಮಾತ್ರ ಬರಿದಾಗಿರುವುದು.

ಇದು ಅಲ್ಪವಿಷಯವೆಂದು ತರುಣರು ನಗಬಹುದು. ಮಕ್ಕಳು ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ದುಬಾಯಿಯಲ್ಲಿಯೋ ಇದ್ದು, ಮನೆಯಲ್ಲಿ ಅಜ್ಜ ಅಜ್ಜಿ ಇಬ್ಬರೇ ಉಳಿದಿರುವ ಕುಟುಂಬಗಳು ನಮ್ಮಲ್ಲಿ ಎಷ್ಟಿಲ್ಲ? ಮೇಳಗಳು ತಿರುಗಾಟವನ್ನು ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಆಷಾಢದ ಮಳೆಯಲ್ಲಿ ಹೊರಗೆ ಕಾಲಿಡಲಾಗದ ವೃದ್ಧರಿಗೆ ಸಂಜೆಯ ವಾರ್ತೆ, ಭಜನೆ, ಯಕ್ಷಗಾನಗಳೇ ಸಂಗಾತಿ. ನೂರಾರು ವಾಹಿನಿಗಳ ನಡುವೆ ಪಟ್ಟಿಯಿಲ್ಲದೆ ಅವರು ತಮಗೆ ಬೇಕಾದುದನ್ನು ಹುಡುಕುವುದೆಂತು? ಆದುದರಿಂದ ಈ ತಿಂಗಳು ಈ ವಿಚಾರವನ್ನೇ ಎತ್ತಿಕೊಂಡಿದ್ದೇವೆ.

ಪ್ರಸಾರವು ಒಂದು ದಾರಿಯಿಂದಲೂ ಅದರ ಪಟ್ಟಿಯು ಇನ್ನೊಂದು ದಾರಿಯಿಂದಲೂ ಬರುವುದು ಹೊಸತೇನಲ್ಲ. ಲಂಡನ್ನಿನಲ್ಲಿ ರೇಡಿಯೋ ಪ್ರಾರಂಭವಾದ ಕಾಲಕ್ಕೆ ಪತ್ರಿಕೆಗಳವರು ಹಣ ಕೊಡದೆ ಪಟ್ಟಿಯನ್ನು ಅಚ್ಚುಹಾಕಲು ಒಪ್ಪದಿದ್ದುದರಿಂದ ಬಿ.ಬಿ.ಸಿ.ಯವರು 1923ರಲ್ಲಿ ‘ರೇಡಿಯೋ ಟೈಮ್ಸ್’ ಎಂಬ ತಮ್ಮದೇ ಪತ್ರಿಕೆಯನ್ನು ಹೊರಡಿಸಿದರು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ಯನ್ನು ಆರಂಭಿಸಿದರು; ಅದೇ ವರ್ಷದ ಡಿಸೆಂಬರಿನಲ್ಲಿ ‘ಇಂಡಿಯನ್ ಲಿಸನರ್’ ಎಂಬ ಕಾರ್ಯಕ್ರಮ ಪತ್ರಿಕೆಯು ಹೊರಟಿತು. 1976ರಲ್ಲಿ ಮಂಗಳೂರು ಆಕಾಶವಾಣಿಯು ಆರಂಭವಾಗಿ, ಅದರ ಪ್ರಸಾರಸ್ತಂಭವು ನಮ್ಮ ಬ್ರಹ್ಮಾವರದಲ್ಲಿ ಎದ್ದ ಮೇಲೂ, ಇಂದು ಏನಿದೆಯೆಂದು ತಿಳಿಯಲು ಜನರು ಪತ್ರಿಕೆಯನ್ನು ಬಿಡಿಸಿ ನೋಡುತ್ತಿದ್ದರು.

ಡಿಶ್ ಆಂಟೆನಾದ ಕಾಲದಲ್ಲಿ ಮಾತ್ರ ಇವೆರಡೂ ಒಂದಾದುವು. ಚಿತ್ರವನ್ನು ಹೊತ್ತ ಅಲೆಯೇ ಪಟ್ಟಿಯನ್ನೂ ಹೊತ್ತು ತರುತ್ತಿತ್ತು. ಅಂತರ್ಜಾಲದ ಟಿ.ವಿ.ಯಲ್ಲಿ ಪುನಃ ಅವು ಬೇರೆಯಾಗಿವೆ. ಮೇಳವು ಲಾರಿಯಲ್ಲಿ ಬರುವುದು, ಪ್ರಸಂಗದ ಹೆಸರನ್ನು ಸಾರುವ ಕರಪತ್ರವು ಬೇರೊಬ್ಬನ ಕೈಯಿಂದ ಬರುವುದು. ಕರಪತ್ರವು ನಮ್ಮ ಮನೆಗೆ ತಲಪದಿದ್ದ ಮಾತ್ರಕ್ಕೆ ಆಟವು ನಿಂತಿತೇ? ಅಂತೆಯೇ ಚಿತ್ರವು ಒಂದು ಯಂತ್ರದಿಂದಲೂ ಪಟ್ಟಿಯು ಇನ್ನೊಂದು ಯಂತ್ರದಿಂದಲೂ ಬಂದು ನಮ್ಮ ಪೆಟ್ಟಿಗೆಯಲ್ಲಿ ಕೂಡಿಕೊಳ್ಳುವುವು. ಕೂಡುವಿಕೆಯು ತಪ್ಪಿದರೆ ಪಟ್ಟಿಯು ಬರಿದಾಗುವುದು.

ದೋಷವು ಎಲ್ಲಿದೆಯೆಂದು ಅರಿಯಲು ನಮ್ಮ ಶಾಸ್ತ್ರಕಾರರು ಹೇಳಿದ ಅನ್ವಯ ವ್ಯತಿರೇಕಗಳಿಗಿಂತ ಉತ್ತಮವಾದ ಉಪಾಯವಿಲ್ಲ. ಯಾವುದಿದ್ದರೆ ಕಾರ್ಯವಿರುವುದು, ಯಾವುದಿಲ್ಲದಿದ್ದರೆ ಕಾರ್ಯವೂ ಇಲ್ಲವಾಗುವುದು ಎಂದು ಒಂದೊಂದಾಗಿ ಪರೀಕ್ಷಿಸತಕ್ಕದ್ದು.

ಪ್ರಥಮತಃ, ಪಟ್ಟಿಯು ಒಂದೇ ವಾಹಿನಿಗೆ ಇಲ್ಲವೋ, ಎಲ್ಲ ವಾಹಿನಿಗಳಿಗೂ ಇಲ್ಲವೋ ನೋಡಬೇಕು. ಒಂದಕ್ಕೆ ಮಾತ್ರ ಇಲ್ಲದಿದ್ದರೆ ಆ ವಾಹಿನಿಯವರು ವಿವರವನ್ನು ಒದಗಿಸಿಲ್ಲವೆಂದೋ, ಅದರ ಗುರುತು ಬದಲಾಗಿದೆಯೆಂದೋ ಊಹಿಸಬಹುದು; ಅಲ್ಲಿ ನಮ್ಮ ಕೈಯಲ್ಲಿ ಆಗುವುದು ಸ್ವಲ್ಪವೇ. ಎಲ್ಲಕ್ಕೂ ಇಲ್ಲದಿದ್ದರೆ ಅದೇ ಸೇವೆಯನ್ನು ಮೊಬೈಲಿನಲ್ಲಿ ತೆರೆದು ನೋಡಿರಿ. ಅಲ್ಲಿಯೂ ಇಲ್ಲದಿದ್ದರೆ ದೋಷವು ಪ್ರಾಯಶಃ ಸೇವೆಯವರದು. ಕೆಲವು ತಾಸು ತಾಳುವುದೇ ಲೇಸು. ಮೊಬೈಲಿನಲ್ಲಿ ಇದ್ದು ಟಿ.ವಿ.ಯಲ್ಲಿ ಇಲ್ಲದಿದ್ದರೆ ದೋಷವು ಮನೆಯೊಳಗಿನದು.

ಮನೆಯೊಳಗಿನ ದೋಷಗಳಲ್ಲಿ ಮೊದಲು ಶಂಕಿಸತಕ್ಕದ್ದು ಗಡಿಯಾರವನ್ನು. ಮಳೆಗಾಲದಲ್ಲಿ ಕರೆಂಟು ಹೋಗಿ ಬರುವುದು ನಮಗೆ ಹೊಸತಲ್ಲ. ಅನೇಕ ಪೆಟ್ಟಿಗೆಗಳಿಗೆ ಸ್ವಂತ ಬ್ಯಾಟರಿಯ ಗಡಿಯಾರವಿಲ್ಲ. ಅಂತರ್ಜಾಲದಿಂದಲೇ ಹೊತ್ತನ್ನು ಕೇಳಿ ತಿಳಿಯಬೇಕು. ರೌಟರು ಏಳುವ ಮೊದಲೇ ಪೆಟ್ಟಿಗೆಯು ಎದ್ದರೆ ಅದು ಯಾವುದೋ ಹಳೆಯ ದಿನಾಂಕದಲ್ಲಿಯೇ ನಿಲ್ಲುವುದುಂಟು. ಆ ದಿನದ ಪಟ್ಟಿಯು ಎಲ್ಲಿಯೂ ಇಲ್ಲದುದರಿಂದ ಬರಿಯ ಅಂಕಣಗಳು ಕಾಣುವುವು. ಆದುದರಿಂದ ರೌಟರನ್ನು ಮೊದಲು ಹಾಕಿ, ಐದು ನಿಮಿಷ ಬಿಟ್ಟು ಪೆಟ್ಟಿಗೆಯನ್ನು ಹಾಕಿರಿ. ಸೆಟ್ಟಿಂಗ್ಸಿನಲ್ಲಿ ದಿನಾಂಕ ಮತ್ತು ಸಮಯವು ತಾನಾಗಿ ಸರಿಹೊಂದುವಂತೆ ಇಡಿರಿ.

ಎರಡನೆಯದು ದೇಶಭೇದದಿಂದ ಬರುವ ಕಾಲಭೇದ. ಪಂಚಾಂಗವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಭಾರತದ ಗಡಿಯಾರವು 82.5 ಅಂಶದ ರೇಖೆಯನ್ನು ಅನುಸರಿಸುವುದು. ನಮ್ಮ ಊರು ಅದರಿಂದ ಪಶ್ಚಿಮಕ್ಕಿರುವುದರಿಂದ ಇಲ್ಲಿಯ ಸೂರ್ಯನು ಗಡಿಯಾರಕ್ಕಿಂತ ಸುಮಾರು 31 ನಿಮಿಷ ಹಿಂದೆ. ದುಬಾಯಿಯ ಗಡಿಯಾರವಾದರೋ ನಮ್ಮದಕ್ಕಿಂತ ಒಂದೂವರೆ ತಾಸು ಹಿಂದೆ. ಮಗನು ಅಲ್ಲಿಂದ ತಂದ ಪೆಟ್ಟಿಗೆಯಲ್ಲಿ ಅಲ್ಲಿಯ ಕಾಲವೇ ಉಳಿದಿದ್ದರೆ ರಾತ್ರಿ 8.30ರ ಕಾರ್ಯಕ್ರಮವು 7 ಗಂಟೆಯ ಸಾಲಿನಲ್ಲಿ ಕಾಣುವುದು. ಪಟ್ಟಿಯು ಸರಿಯಾಗಿ ಐದೂವರೆ ತಾಸು ಜಾರಿದ್ದರೆ ಗ್ರೀನಿಚ್ಚಿನ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ಅಂತರವನ್ನು ಯಾರೋ ಮರೆತಿದ್ದಾರೆಂದು ತಿಳಿಯಿರಿ. ಜಾರಿದ ಪ್ರಮಾಣವೇ ರೋಗದ ಹೆಸರನ್ನು ಹೇಳುವುದು. ಮೊದಲನೆಯದಕ್ಕೆ ಪೆಟ್ಟಿಗೆಯ ಕಾಲವಲಯವನ್ನು ಭಾರತಕ್ಕೆ ಬದಲಾಯಿಸಿದರೆ ಸಾಕು.

ಮೂರನೆಯದು ಹಳೆಯ ಸಂಗ್ರಹ. ಆ್ಯಪು ಪಟ್ಟಿಯನ್ನು ಒಮ್ಮೆ ತಂದು ಕಣಜದಲ್ಲಿಟ್ಟಂತೆ ಇಟ್ಟುಕೊಳ್ಳುವುದು. ಕಣಜದಲ್ಲಿರುವುದು ಕೆಟ್ಟರೆ ಹೊಸತನ್ನು ತುಂಬುವ ಮುನ್ನ ಗುಡಿಸಬೇಕಷ್ಟೆ. ಸೆಟ್ಟಿಂಗ್ಸಿನಲ್ಲಿ ಆ್ಯಪಿನ ಹೆಸರಿನ ಕೆಳಗೆ ‘ಕ್ಲಿಯರ್ ಕ್ಯಾಶ್’ ಎಂಬುದನ್ನು ಒತ್ತಿರಿ. ಅದರ ಸಮೀಪದಲ್ಲಿರುವ ‘ಕ್ಲಿಯರ್ ಡೇಟಾ’ವನ್ನು ಒತ್ತಿದರೆ ಪುನಃ ಪಾಸ್‌ವರ್ಡು ಕೊಟ್ಟು ಲಾಗಿನ್ ಆಗಬೇಕಾಗುವುದು, ಪಾಸ್‌ವರ್ಡು ಕೈಯಲ್ಲಿಲ್ಲದೆ ಅದನ್ನು ಮುಟ್ಟಕೂಡದು. ಬಳಿಕ ಆ್ಯಪಿಗೆ ಅಪ್‌ಡೇಟ್ ಇದೆಯೋ ನೋಡಿರಿ. ಇಡೀ ಪೆಟ್ಟಿಗೆಯನ್ನು ರಿಸೆಟ್ ಮಾಡುವುದು ಕಟ್ಟಕಡೆಯ ಉಪಾಯ.

ವಾಹಿನಿಗಳ ಪಟ್ಟಿಯನ್ನು ತಾವೇ ಆ್ಯಪಿಗೆ ಸೇರಿಸಿಕೊಂಡಿರುವವರು ಇನ್ನೊಂದನ್ನು ನೋಡಬೇಕು. ವಾಹಿನಿಯ ಗುರುತು ಎರಡು ಕಡತಗಳಲ್ಲಿಯೂ ಅಕ್ಷರಶಃ ಒಂದೇ ಆಗಿರಬೇಕು. ಶಬ್ದಕ್ಕೂ ಅರ್ಥಕ್ಕೂ ಸಂಬಂಧವು ಕಡಿದರೆ ವಾಕ್ಯವು ಬೋಧಿಸದಿರುವಂತೆ, ಇಲ್ಲಿ ಒಂದು ಚುಕ್ಕೆ ತಪ್ಪಿದರೂ ಪಟ್ಟಿಯು ಕೂಡಿಕೊಳ್ಳದು.

ಇನ್ನು ಮುಖ್ಯವಾದ ಎಚ್ಚರಿಕೆ. ಪಟ್ಟಿ ಕಾಣದೆಂದು ಗಾಬರಿಗೊಂಡು ಗೂಗಲಿನಲ್ಲಿ ಸಿಕ್ಕಿದ ಯಾವುದೋ ಸಂಖ್ಯೆಗೆ ಫೋನು ಮಾಡಬೇಡಿರಿ. ಸೇವಾ ಕೇಂದ್ರದವರೆಂದು ಹೇಳಿಕೊಂಡು ಮೊಬೈಲಿಗೆ ಆ್ಯಪು ಹಾಕಿಸಿ, ಓಟಿಪಿ ಕೇಳಿ, ಬ್ಯಾಂಕಿನ ಹಣವನ್ನೇ ಅಪಹರಿಸುವ ಧೂರ್ತರಿದ್ದಾರೆ. ಬಿಲ್ಲಿನಲ್ಲಿ ಅಥವಾ ಆ್ಯಪಿನೊಳಗೆ ಇರುವ ಸಂಖ್ಯೆಯನ್ನೇ ಉಪಯೋಗಿಸಬೇಕು. ಪಟ್ಟಿಯನ್ನು ಸರಿಪಡಿಸಲು ಓಟಿಪಿಯ ಅವಶ್ಯಕತೆಯೇ ಇಲ್ಲ. ಮೋಸವು ನಡೆದೇಹೋದರೆ ತಡಮಾಡದೆ 1930 ಎಂಬ ಸಂಖ್ಯೆಗೆ ದೂರು ಕೊಡತಕ್ಕದ್ದು. ಬೇಗನೆ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಂಭವವು ಹೆಚ್ಚು.

ಪರವೂರಿನಲ್ಲಿರುವ ಮಕ್ಕಳಲ್ಲಿ ನಮ್ಮದೊಂದು ವಿಜ್ಞಾಪನೆ. ರಜೆಗೆ ಬಂದಾಗ ಹೊಸ ಪೆಟ್ಟಿಗೆಯನ್ನು ತಂದುಕೊಟ್ಟರೆ ಸಾಲದು. ಅಜ್ಜಿಯ ಇಷ್ಟದ ಹತ್ತು ವಾಹಿನಿಗಳ ಸಂಖ್ಯೆ, ಅವುಗಳಲ್ಲಿ ಆಕೆ ನೋಡುವ ಕಾರ್ಯಕ್ರಮಗಳ ಹೊತ್ತು, ಸೇವೆಯವರ ಫೋನು, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆದು ಟಿ.ವಿ.ಯ ಬಳಿಯ ಗೋಡೆಗೆ ಅಂಟಿಸಿ ಹೋಗಿರಿ. ಆ ಕಾಗದವು ಕರೆಂಟು ಹೋದರೂ ಅಳಿಯದು.